ಮಂಗಳೂರಿಗೆ ಬಂದು ಎಂಟು ತಿಂಗಳು, ಯಾವ ಸಭೆಗೆ ಸೇರಲಿ?

ಪ್ರಶ್ನೆ: ಅಕ್ಕಾ, ನಾವು ಗದಗ ಕಡೆಯವರು. ಹಳೇ ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಸಭೆಯಲ್ಲಿ ಬೆಳೆದವಳು ನಾನು. ಗಂಡನ ಕೆಲಸಕ್ಕಾಗಿ ಮಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಪಕ್ಕದ ಮನೆಯವರು ಕೆಥೊಲಿಕರು, ತಮ್ಮ ಚರ್ಚಿನ ಕೊಂಕಣಿ ಪೂಜೆಗೆ ಕರೆಯುತ್ತಾರೆ. ಗಂಡನ ಸಹೋದ್ಯೋಗಿಯೊಬ್ಬರು ಒಂದು ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋದರು, ಅಲ್ಲಿಯ ಹಾಡುಗಳು ಮಕ್ಕಳಿಗೆ ಬಹಳ ಹಿಡಿಸಿವೆ. ನನಗೆ ಮಾತ್ರ ಎಲ್ಲಿ ಕೂತರೂ ಆರಾಧನೆಯಲ್ಲಿ ಹಾಡುತ್ತಿದ್ದ ನಮ್ಮ ಸಂಗೀತ ಪುಸ್ತಕವೇ ನೆನಪಾಗುತ್ತದೆ. ಯಾವುದಕ್ಕೆ ಸೇರಬೇಕು?

ಉತ್ತರ: ಕಾಲೇಜಿಗೆ ಬಂದವರು, ಆಸ್ಪತ್ರೆ ಕೆಲಸಕ್ಕೆ ಬಂದವರು, ಬ್ಯಾಂಕಿನಲ್ಲಿ ವರ್ಗವಾಗಿ ಬಂದವರು ಎಲ್ಲರೂ ಇದನ್ನೇ ಕೇಳುತ್ತಾರೆ. ಯಾವ ಸಭೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಯಾವುದಾದರೂ ಒಂದು ಕಡೆ ಹೆಸರು ಕೊಡುವುದನ್ನು ಮಾತ್ರ ಇನ್ನು ಮುಂದೂಡಬೇಡಿ.

ಹೀಗೆ ಹೇಳುವುದಕ್ಕೆ ಕಾರಣವಿದೆ. ನನಗೆ ಪರಿಚಯದ ಒಂದು ಕುಟುಂಬ ಆರು ವರ್ಷ ಈ ವಾರ ಇಲ್ಲಿ, ಮುಂದಿನ ವಾರ ಅಲ್ಲಿ ಎಂದು ಓಡಾಡಿಕೊಂಡಿತ್ತು. ಎಲ್ಲ ಕಡೆಯೂ ಮುಖ ಪರಿಚಯ, ಯಾವ ಪುಸ್ತಕದಲ್ಲೂ ಹೆಸರಿಲ್ಲ. ಮನೆಯ ಅಜ್ಜ ತೀರಿಕೊಂಡ ರಾತ್ರಿ ಅವರು ಎಷ್ಟು ಬಾಗಿಲು ತಟ್ಟಿದರೆಂದು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮಲ್ಲಿ ಸಮಾಧಿ ಭೂಮಿ ಹೆಚ್ಚಾಗಿ ಸಭೆಗಳದ್ದು, ಅದರಲ್ಲಿ ಜಾಗ ಮೊದಲು ಸದಸ್ಯರಿಗೆ. ಕೊನೆಗೆ ಒಬ್ಬ ಪಾದ್ರಿಗಳು ಮನಸ್ಸು ಮಾಡಿದರು. ಆದರೆ ಆ ಅಜ್ಜನ ಹೆಸರು ಹಿಡಿದು ಪ್ರಾರ್ಥಿಸಲು ಅವರನ್ನು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಈಗ ಪಕ್ಕದ ಮನೆಯವರ ಕರೆಗೆ ಬರೋಣ. ಕೆಥೊಲಿಕರಲ್ಲಿ ಚರ್ಚನ್ನು ಆರಿಸಿಕೊಳ್ಳುವುದು ಎಂಬುದೇ ಕಡಿಮೆ. ಮನೆ ಯಾವ ಗಡಿಯೊಳಗಿದೆಯೋ ಆ ಫಿರ್ಗಜ್‌ಗೆ, ಅಂದರೆ ಆ ಚರ್ಚಿನ ವ್ಯಾಪ್ತಿಗೆ, ನೀವು ಸೇರಿದವರು. ಫಿರ್ಗಜಿನೊಳಗೆ ವಾಡೊ ಎಂಬ ವಾರ್ಡುಗಳು, ವಾಡೊಗೊಬ್ಬ ಗುರ್ಕಾರ, ಅಂದರೆ ಮುಖ್ಯಸ್ಥ. ಮನೆ ಬದಲಿಸಿದರೆ ಚರ್ಚೂ ಬದಲಾಗುತ್ತದೆ. ಮಿಲಾಗ್ರಿಸ್ ಚರ್ಚ್ ಇಷ್ಟ, ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳ ಕೆಳಗೆ ಕೂರುವುದು ಇನ್ನೂ ಇಷ್ಟ ಎಂದರೆ ಹೋಗಿ ಪೂಜೆಯಲ್ಲಿ ಭಾಗವಹಿಸಬಹುದು, ಆದರೆ ಮದುವೆಯ ಕಾಗದಪತ್ರಕ್ಕೆ ನಿಮ್ಮ ಫಿರ್ಗಜಿನ ವಿಗಾರರ, ಅಂದರೆ ಮುಖ್ಯ ಪಾದ್ರಿಗಳ, ಬಳಿಗೇ ಬರಬೇಕು. ಕೆಥೊಲಿಕ್ ಓದುಗರು ಈ ಪ್ರಶ್ನೆ ಕೇಳಿದರೆ ನನ್ನ ಉತ್ತರ ಒಂದೇ ಸಾಲು: ನಿಮ್ಮ ಗುರ್ಕಾರರು ಯಾರೆಂದು ಈ ವಾರವೇ ವಿಚಾರಿಸಿ. ಉಡುಪಿಯವರಿಗೂ ಅದೇ ಮಾತು. 2012ರಿಂದ ಅವರದು ಬೇರೆಯೇ ಧರ್ಮಪ್ರಾಂತ್ಯ, ಪ್ರಧಾನ ದೇವಾಲಯ ಕಲ್ಯಾಣಪುರದ ಮಿಲಾಗ್ರಿಸ್.

ನೀವು ಕೆಥೊಲಿಕರಲ್ಲ. ನೆರೆಯವರ ಜೊತೆ ಮೊಂತಿ ಫೆಸ್ತಿಗೆ, ಅಂದರೆ ಮರಿಯಮ್ಮನ ಜನ್ಮದಿನದ ತೆನೆಹಬ್ಬಕ್ಕೆ, ಧಾರಾಳವಾಗಿ ಹೋಗಿ, ಹೊಸ ತೆನೆಯ ಊಟ ಮಾಡಿ. ಆದರೆ ಪೂಜೆಯಲ್ಲಿ ಹಂಚುವ ಪರಮಪ್ರಸಾದ ಕೆಥೊಲಿಕರಿಗಷ್ಟೇ. ಪ್ರತಿ ಭಾನುವಾರ ಆ ಹೊತ್ತಿಗೆ ಬೆಂಚಿನಲ್ಲೇ ಕೂತಿರುವುದು ಎಷ್ಟು ವರ್ಷ ಸಾಧ್ಯ? ಕೆಥೊಲಿಕ್ ಸಭೆಗೇ ಸೇರುವ ಮನಸ್ಸಾದರೆ ಅದು ವಿಶ್ವಾಸದ ಬದಲಾವಣೆ, ಅದಕ್ಕೆ ಬೋಧನೆ, ಸಿದ್ಧತೆ ಎಲ್ಲ ಇದೆ. ಹತ್ತಿರದಲ್ಲಿದೆ ಎಂಬ ಕಾರಣಕ್ಕೆ ಮಾಡುವ ಕೆಲಸ ಅದಲ್ಲ.

ಈ ಕರಾವಳಿಯಲ್ಲಿ ಭಾಷೆ ಕೇಳಿ ಮತ ಊಹಿಸಲು ಹೋಗಬೇಡಿ, ಮೋಸಹೋಗುತ್ತೀರಿ. ಬ್ರಹ್ಮಾವರಕ್ಕೆ ಹೋದರೆ ಕೊಂಕಣಿಯಲ್ಲಿ ಆರಾಧಿಸುವ ಸಿರಿಯನ್ ಆರ್ಥೊಡಾಕ್ಸ್ ಜನರಿದ್ದಾರೆ. ಗೋವೆಯ ಪಾದ್ರಿ ಅಲ್ವಾರಿಸ್ ರೋಮಿನ ಕೆಥೊಲಿಕ್ ಸಭೆಯಿಂದ ದೂರವಾಗಿ 1889ರಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ಆದರು. ಅವರನ್ನು ಹಿಂಬಾಲಿಸಿದ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಇವರು.

ನಿಮಗೆ ಸಹಜವಾಗಿ ಒದಗುವ ಮನೆ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ. ನಿಮ್ಮೂರಿನ ಸಭೆಯ ಬೇರು ಇರುವುದೇ ಇಲ್ಲಿ. ಬಾಸೆಲ್ ಮಿಶನರಿಗಳು 1834ರಲ್ಲಿ ಇಳಿದದ್ದು ಮಂಗಳೂರಿಗೆ. ಧಾರವಾಡಕ್ಕೆ ಹೋದದ್ದು ಅದಾದ ಮೂರು ವರ್ಷಕ್ಕೆ. ಅವರಲ್ಲೊಬ್ಬರಾದ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ್ದೂ ಇಲ್ಲಿಂದಲೇ. ನೀವು ಧಾರವಾಡ ಕೇಂದ್ರವಾದ ಉತ್ತರ ಸಭಾಪ್ರಾಂತದವರು, ಬಲ್ಮಠದ ಶಾಂತಿ ಕಥೆಡ್ರಲ್ ಇರುವುದು ದಕ್ಷಿಣ ಸಭಾಪ್ರಾಂತದಲ್ಲಿ. ಒಂದೇ ಸಿಎಸ್‌ಐ. ನೀವು ಹುಡುಕುವ ಸಂಗೀತಗಳು, ದೃಢೀಕರಣ, ಕರ್ತರ ಭೋಜನ, ಬೆಳೆ ಹಬ್ಬ ಎಲ್ಲವೂ ಇಲ್ಲಿವೆ.

ಒಂದು ತೊಡಕಿದೆ, ಮೊದಲೇ ಹೇಳಿಬಿಡುತ್ತೇನೆ. ಆರಾಧನೆ ಕನ್ನಡದಲ್ಲಿ ಮುಗಿಯುತ್ತದೆ, ಅಂಗಳಕ್ಕೆ ಬಂದ ಕೂಡಲೇ ಎಲ್ಲರೂ ತುಳುವಿಗೆ ತಿರುಗುತ್ತಾರೆ. ತುಳುವಿನಲ್ಲಿ ಹಾಡು, ಪ್ರಾರ್ಥನೆಯೂ ಉಂಟು. 1847ರಷ್ಟು ಹಿಂದೆಯೇ ತುಳುವಿಗೆ ಹೊಸ ಒಡಂಬಡಿಕೆ ಬಂದಿದೆ. ಮೊದಲ ಕೆಲವು ತಿಂಗಳು ನಿಮಗೆ ಪರದೇಶಿಯಂತೆ ಅನಿಸಬಹುದು. ಅನೇಕರು ಇಲ್ಲೇ ಬೇಸರಪಟ್ಟು ಬಿಟ್ಟುಹೋಗುತ್ತಾರೆ. ಅದು ಸಭೆಯವರ ತಪ್ಪು ಎಂದೇ ನಾನು ಹೇಳುತ್ತೇನೆ, ಹೊಸಬರ ಎದುರು ಕನ್ನಡಕ್ಕೆ ತಿರುಗುವುದು ದೊಡ್ಡ ಕಷ್ಟವೇನಲ್ಲ. ಆದರೂ ನೀವು ಮಹಿಳೆಯರ ಕೂಟಕ್ಕೆ ಎರಡು ಸಲ ಹೋಗಿ, ಚಹಾ ಹಂಚಲು ಕೈ ಹಾಕಿ. 'ಎಂಚ ಉಲ್ಲರ್?' (ಹೇಗಿದ್ದೀರಿ?) ಎಂದು ಯಾರಾದರೂ ಕೇಳಿದಾಗ 'ಸೌಖ್ಯ' ಎಂದು ನೋಡಿ, ಮಾತು ತಾನಾಗಿ ಬೆಳೆಯುತ್ತದೆ.

ಪ್ರಾರ್ಥನಾ ಮಂದಿರದ ವಿಷಯ ಸೂಕ್ಷ್ಮ. ಮಕ್ಕಳು ಖುಷಿಯಿಂದ ಹಾಡುವುದನ್ನು ಹಗುರವಾಗಿ ಕಾಣಬೇಡಿ. ಹಳೆಯ ಸಭೆಗಳು ಅವರಿಂದ ಕಲಿಯಬೇಕಾದದ್ದು ಬಹಳ ಇದೆ. ಇಂಥ ಕಡೆಗಳಲ್ಲಿ ಹೊಸಬರನ್ನು ಬಾಗಿಲಲ್ಲೇ ಹೆಸರು ಹಿಡಿದು ಮಾತಾಡಿಸುತ್ತಾರೆ, ಕಾಯಿಲೆ ಬಿದ್ದರೆ ಅದೇ ದಿನ ಮನೆಗೆ ಬರುತ್ತಾರೆ. ಆದರೆ ಸೇರುವ ಮುಂಚೆ ಕೆಲವನ್ನು ನೇರವಾಗಿ ಕೇಳಿ. ಪಾಸ್ಟರರು ಯಾರಿಗೆ ಉತ್ತರ ಕೊಡಬೇಕು? ಕಾಣಿಕೆಯನ್ನು ಎಣಿಸುವವರು ಯಾರು, ವರ್ಷದ ಲೆಕ್ಕವನ್ನು ಎಲ್ಲರ ಎದುರು ಓದುತ್ತಾರೆಯೇ? ಪಾಸ್ಟರರಿಗೆ ಮದುವೆ ಮಾಡಿಸುವ ಅಧಿಕಾರ ಇದೆಯೇ? 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಆ ಅಧಿಕಾರ ಎಲ್ಲ ಬೋಧಕರಿಗೂ ತಾನಾಗಿ ಬರುವುದಿಲ್ಲ. ಕೇಳಿದ್ದಕ್ಕೆ ಯಾರಾದರೂ ಮುಖ ಗಂಟಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ.

ದೀಕ್ಷಾಸ್ನಾನದ ಬಗ್ಗೆಯೂ ಕೇಳಿ, ಆ ಮಂದಿರ ಪೆಂತೆಕೊಸ್ತ ಸಭೆಯದ್ದಾಗಿದ್ದರೆ ಇದು ಮುಖ್ಯ. ಪೆಂತೆಕೊಸ್ತ ಸಭೆಗಳಲ್ಲಿ ಹೆಚ್ಚಿನವು ಶಿಶು ದೀಕ್ಷಾಸ್ನಾನವನ್ನು ಒಪ್ಪುವುದಿಲ್ಲ. ಬೆಳೆದ ಮೇಲೆ ನೀರಿನಲ್ಲಿ ಮುಳುಗಿಯೇ ಪಡೆಯಬೇಕು ಎನ್ನುತ್ತವೆ. ಅಂದರೆ ನಿಮ್ಮ ತಾಯಿ ನಿಮ್ಮನ್ನು ಎತ್ತಿಕೊಂಡು ನಿಂತ ಆ ದಿನ ಲೆಕ್ಕಕ್ಕಿಲ್ಲ ಎಂದು ನೀವು ಒಪ್ಪಿಕೊಂಡಂತೆ. ಮನಸ್ಸಾಕ್ಷಿಯಿಂದ ಒಪ್ಪುವವರನ್ನು ನಾನು ಗೌರವಿಸುತ್ತೇನೆ. ಹಾಡು ಚೆನ್ನಾಗಿದೆ ಎಂದು ಮಾತ್ರ ಒಪ್ಪಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮನೆಗೆ ಹತ್ತಿರದ ಸಿಎಸ್‌ಐ ಸಭೆಗೆ ಹೋಗುತ್ತಿದ್ದೆ. ಅತಿ ದೊಡ್ಡದಕ್ಕಲ್ಲ, ಮಳೆಗಾಲದಲ್ಲೂ ಮಕ್ಕಳೊಂದಿಗೆ ನಡೆದು ಮುಟ್ಟಬಹುದಾದದ್ದಕ್ಕೆ. ಆಷಾಢದ ಮಳೆಯಲ್ಲಿ ಎರಡು ಬಸ್ಸು ಬದಲಿಸಿ ಹೋಗುವ ಉತ್ಸಾಹ ಎರಡನೇ ವರ್ಷಕ್ಕೆ ಉಳಿಯುವುದಿಲ್ಲ. ಮೂರು ತಿಂಗಳು ಬೇರೆಲ್ಲೂ ಹೋಗದೆ ಅಲ್ಲೇ ಕೂರಿ. ಪ್ರಸಂಗವನ್ನು ತೂಗುವುದಕ್ಕಿಂತ ಸಂಡೇ ಸ್ಕೂಲ್ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಒಂಟಿ ಮುದುಕಿಯರನ್ನು ಯಾರು ಮನೆಗೆ ಬಿಟ್ಟುಬರುತ್ತಾರೆ ಎಂದು ನೋಡಿ. ಗಂಡನನ್ನು ಬಲವಂತ ಮಾಡಬೇಡಿ. ಅವರು ಆ ಮಂದಿರದ ವಾರದ ನಡುವಿನ ಪ್ರಾರ್ಥನೆಗೆ ಹೋಗುತ್ತಿರಲಿ, ಭಾನುವಾರ ಮಾತ್ರ ನಾಲ್ವರೂ ಒಂದೇ ಬೆಂಚಿನಲ್ಲಿರಿ.

ಅದಕ್ಕೂ ಮೊದಲು ನಿಮ್ಮೂರಿನ ಸಭೆಯ ಅಯ್ಯನವರಿಗೆ ಫೋನ್ ಮಾಡಿ. ನಾಲ್ವರ ದೀಕ್ಷಾಸ್ನಾನದ ಸರ್ಟಿಫಿಕೇಟ್, ನಿಮ್ಮಿಬ್ಬರ ದೃಢೀಕರಣದ ದಾಖಲೆ, 'ಇವರು ನಮ್ಮ ಸಭೆಯವರು, ನಿಮ್ಮಲ್ಲಿ ಸೇರಿಸಿಕೊಳ್ಳಿ' ಎಂಬ ಒಂದು ಪತ್ರ ಕೇಳಿ. ಪತ್ರ ಕೈಗೆ ಬಂದ ಭಾನುವಾರ ಆರಾಧನೆ ಮುಗಿದ ಮೇಲೆ ಬಸ್ಸಿಗೆ ಓಡಬೇಡಿ, ಅಲ್ಲೇ ನಿಂತು ಸಭಾಪಾಲಕರ ಕೈಗೆ ಕೊಡಿ.