ಮಿಷನ್ ಆಸ್ಪತ್ರೆಯ ಹೆಸರು, ಆ ಹೆಸರಿನ ಖರ್ಚು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಚರ್ಚಿನ ಸೇವೆ ಎಂದರೆ ಜನರಿಗೆ ಮೊದಲು ನೆನಪಾಗುವುದು ಮಿಷನ್ ಆಸ್ಪತ್ರೆ. ಅಲ್ಲಿ ದುಡ್ಡಿಲ್ಲವೆಂದು ಯಾರನ್ನೂ ವಾಪಸ್ ಕಳಿಸುತ್ತಿರಲಿಲ್ಲ ಎನ್ನುವುದು ಹಳಬರ ಮಾತು. ಹೆಸರಿಗಷ್ಟೇ ಮಿಷನ್, ಬಿಲ್ಲು ನರ್ಸಿಂಗ್ ಹೋಮಿನದೇ ಎನ್ನುವುದು ಈಗಿನವರ ದೂರು. ಎರಡರಲ್ಲೂ ಹುರುಳಿದೆ. ಆದರೆ ನಡುವೆ ವಿದೇಶಿ ಹಣ, ಮತಾಂತರ, ಸರ್ಕಾರಿ ಯೋಜನೆ ಎಲ್ಲ ಸೇರಿಕೊಂಡು ವಿಷಯ ಸಿಕ್ಕುಸಿಕ್ಕಾಗಿದೆ.

ಈ ಸೇವೆ ಶುರುವಾಗಿದ್ದು 1876-78ರ ಧಾತು ಈಶ್ವರ ಬರದಲ್ಲಿ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಬರದಲ್ಲಿ ತಬ್ಬಲಿಯಾದ ಮಕ್ಕಳನ್ನು ಕೋಲಾರದಲ್ಲಿ ಸಾಕಿದವರು ಮಿಷನರಿ ಮಿಸ್ ಆನ್‌ಸ್ಟೇ. ಅವರ ಅನಾಥಾಶ್ರಮ 1890ರಲ್ಲಿ ಅಮೆರಿಕನ್ ಮೆಥಡಿಸ್ಟ್ ಮಿಷನರಿಗಳ ಕೈಗೆ ಬಂತು. 1910ರಲ್ಲಿ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ, ಅಂದರೆ ಇವತ್ತಿನ ಇ.ಟಿ.ಸಿ.ಎಂ., ಶುರುವಾಯಿತು. ಅದೇ ದಶಕದಲ್ಲಿ ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರ ಆಸ್ಪತ್ರೆ ಬಂತು. ತುಮಕೂರಿನ ಕಡೆ ವೆಸ್ಲಿಯನ್ ಮಿಷನರಿಗಳು ಶಾಲೆ, ಹಾಸ್ಟೆಲುಗಳಿಗೇ ಹೆಚ್ಚು ಒತ್ತು ಕೊಟ್ಟರು. ಸಿದ್ಧಗಂಗೆಯ ದಾಸೋಹ ಇರುವ ಆ ಊರಿನಲ್ಲಿ ಸೇವೆಯ ಹೆಸರು ಒಬ್ಬರದೇ ಆಗುವುದು ಹೇಗೂ ಸಾಧ್ಯವಿರಲಿಲ್ಲ.

ಇಲ್ಲೊಂದು ಗೊಂದಲವಿದೆ. ಜನ ಎಲ್ಲವನ್ನೂ 'ಮಿಷನ್' ಎಂದೇ ಕರೆಯುತ್ತಾರೆ, ಆದರೆ ಆಡಳಿತ ಒಂದೇ ಅಲ್ಲ. 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ರೂಪುಗೊಂಡಾಗ ಲಂಡನ್ ಮಿಷನ್ ಮತ್ತು ವೆಸ್ಲಿಯನ್ ಸಭೆಗಳು ಅದರೊಳಗೆ ಸೇರಿದವು. ಕೋಲಾರದ ಅಮೆರಿಕನ್ ಮೆಥಡಿಸ್ಟರು ಸೇರಲಿಲ್ಲ. 1981ರಿಂದ ಅವರದು ಭಾರತದ ಮೆಥಡಿಸ್ಟ್ ಚರ್ಚ್. ಆಡಳಿತ ಮಂಡಳಿ, ಆಸ್ತಿ, ಲೆಕ್ಕಪತ್ರ ಎಲ್ಲ ಬೇರೆ ಬೇರೆ. ಒಂದು ಕಡೆಯ ಅಪವಾದ ಇನ್ನೊಂದರ ತಲೆಗೆ ಕಟ್ಟುವುದು ಮಾತ್ರ ನಿಂತಿಲ್ಲ.

ಈ ಆಸ್ಪತ್ರೆಗಳ ಹೆಸರು ಗಟ್ಟಿಯಾಗಿದ್ದು ಸ್ವಾತಂತ್ರ್ಯಾನಂತರದ ಮೂರು ನಾಲ್ಕು ದಶಕಗಳಲ್ಲಿ, ಹೆರಿಗೆ ವಾರ್ಡಿನಲ್ಲಿ ಮತ್ತು ಔಷಧಿ ಕೋಣೆಯಲ್ಲಿ. ಡ್ರಿಪ್ ಬಾಟಲಿಯನ್ನೇ ತೆಗೆದುಕೊಳ್ಳಿ. ದಕ್ಷಿಣ ಭಾರತದ ಎಷ್ಟೋ ಮಿಷನ್ ಆಸ್ಪತ್ರೆಗಳು ಕಂಪನಿಯ ಬಾಟಲಿ ಕೊಳ್ಳದೆ ಸಲೈನನ್ನು ತಾವೇ ತಯಾರಿಸುತ್ತಿದ್ದವು. ನೀರನ್ನು ಬಟ್ಟಿ ಇಳಿಸಿ, ಮೊದಲು ಬಂದದ್ದನ್ನು ಚೆಲ್ಲಿ, 1 ಲೀಟರಿಗೆ 9 ಗ್ರಾಂ ಶುದ್ಧ ಉಪ್ಪು ಬೆರೆಸಬೇಕು. ಗ್ಲೂಕೋಸಾದರೆ 50 ಗ್ರಾಂ. ಸೋಸಿ, ಬಾಟಲಿಗೆ ತುಂಬಿ, ರಬ್ಬರ್ ಬಿರಡೆ ಹಾಕಿ, 15 ಪೌಂಡ್ ಒತ್ತಡದಲ್ಲಿ, 121 ಡಿಗ್ರಿ ಬಿಸಿಯಲ್ಲಿ ಆಟೋಕ್ಲೇವ್ ಮಾಡಬೇಕು, ಅಂದರೆ ಮುಚ್ಚಿದ ಪಾತ್ರೆಯ ಆವಿಯಲ್ಲಿ ಕ್ರಿಮಿ ಸಾಯುವಂತೆ ಕಾಯಿಸಬೇಕು. ಪೂರ್ತಿ ಆರುವ ಮುನ್ನ ಬಾಗಿಲು ತೆರೆದರೆ ಬಾಟಲಿ ಸಿಡಿಯುತ್ತದೆ. ಕೊನೆಗೆ ಒಂದೊಂದನ್ನೂ ಕಪ್ಪು ಹಿನ್ನೆಲೆಗೆ ಹಿಡಿದು ಕಸ ತೇಲುತ್ತಿದೆಯೇ ಎಂದು ನೋಡಬೇಕು.

ಎಡವುತ್ತಿದ್ದದ್ದು ಹೆಚ್ಚಾಗಿ ಎರಡು ಕಡೆ. ಬಯಲುಸೀಮೆಯ ಗಡಸು ನೀರಿಗೆ ಬಟ್ಟಿ ಪಾತ್ರೆಯಲ್ಲಿ ಸುಣ್ಣದಂಥ ಪದರ ಕಟ್ಟುತ್ತದೆ. ಅದನ್ನು ಆಗಾಗ ತೆಗೆಯದಿದ್ದರೆ ನೀರು ಇಳಿಯುವುದು ನಿಧಾನವಾಗುತ್ತದೆ, ಉರುವಲು ದಂಡ. ಇನ್ನೊಂದು ಅಪಾಯಕಾರಿ: ಇಳಿಸಿದ ನೀರನ್ನು ಕೆಲವು ಗಂಟೆಗಳೊಳಗೆ ಆಟೋಕ್ಲೇವಿಗೆ ಹಾಕದೆ ಬಿಟ್ಟರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಬ್ಯಾಕ್ಟೀರಿಯಾ ಸಾಯುತ್ತದೆಯೇ ಹೊರತು ಅದು ಬಿಟ್ಟ ವಿಷ ಉಳಿಯುತ್ತದೆ. ಡ್ರಿಪ್ ಹಾಕಿದ ಸ್ವಲ್ಪ ಹೊತ್ತಿಗೆ ರೋಗಿಗೆ ಗಡಗಡ ನಡುಕ, ಜ್ವರ. ಹಾಗಾಗಿ ಈ ಕೆಲಸಕ್ಕೆ ಬೇಕಿದ್ದುದು ದೊಡ್ಡ ಯಂತ್ರವಲ್ಲ, ದಿನವೂ ಒಂದೇ ಕ್ರಮ ತಪ್ಪದ ಕೈ. ವಾಂತಿಭೇದಿಯಿಂದ ಒಣಗಿಹೋದವರಿಗೆ, ರಕ್ತ ಹೋದ ಬಾಣಂತಿಗೆ ಆ ಬಾಟಲಿ ಅಗ್ಗದಲ್ಲಿ ಸಿಗುತ್ತಿತ್ತು. ಒಳ್ಳೆಯ ಹೆಸರು ಎಂದರೆ ಬಹುಪಾಲು ಇದೇ.

ಅಗ್ಗ ಎಂದರೆ ಖರ್ಚೇ ಇರಲಿಲ್ಲ ಎಂದಲ್ಲ, ಬೇರೆಯವರು ತುಂಬುತ್ತಿದ್ದರು. ವಾರ್ಡಿನ ಕೆಲಸದ ದೊಡ್ಡ ಪಾಲು ನರ್ಸಿಂಗ್ ವಿದ್ಯಾರ್ಥಿನಿಯರದು. ವೈದ್ಯರು ಹೊರಗೆ ಸಿಗುತ್ತಿದ್ದ ಸಂಬಳಕ್ಕಿಂತ ಕಡಿಮೆಗೆ ದುಡಿದರು. ಉಪಕರಣ, ಕಟ್ಟಡಕ್ಕೆ ಹೊರದೇಶದ ದೇಣಿಗೆ ಬಂತು. ಸ್ಪೆಷಲ್ ವಾರ್ಡಿನವರ ಬಾಡಿಗೆ ಜನರಲ್ ವಾರ್ಡಿನ ಬಾಕಿ ತುಂಬಿತು. ಈ ನಾಲ್ಕೂ ಮುಂದೆ ಹೆಚ್ಚು ಕಡಿಮೆ ಒಟ್ಟಿಗೇ ಸಡಿಲಾದವು.

ಹೆರಿಗೆಗಳು ಮಿಷನ್ ಆಸ್ಪತ್ರೆಗಳ ಕೈತಪ್ಪಿದ್ದು ಒಳ್ಳೆಯ ಕಾರಣಕ್ಕೆ. ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಹಣ ಕೊಡುವ 2005ರ ಜನನಿ ಸುರಕ್ಷಾ ಯೋಜನೆ, ಬಾಣಂತಿ-ಮಗುವಿನ ಸಾಮಾನು ಕೊಡುವ 2007ರ ಮಡಿಲು ಕಿಟ್, 2008ರ 108 ಆಂಬುಲೆನ್ಸ್, 2011ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ ಹೆರಿಗೆ. ಇಷ್ಟಾದ ಮೇಲೆ ಬಡ ಗರ್ಭಿಣಿ ಮಿಷನ್ ಆಸ್ಪತ್ರೆಗೆ ಯಾಕೆ ಬಂದಾಳು? ಸ್ಪೆಷಲ್ ವಾರ್ಡಿನವರು ಅಷ್ಟರಲ್ಲಿ ಮೆಡಿಕಲ್ ಕಾಲೇಜುಗಳ ಕಡೆಗೋ ಬೆಂಗಳೂರಿಗೋ ಹೊರಟಿದ್ದರು.

ದೇಣಿಗೆಯ ಕಥೆ ಇನ್ನೂ ಬಿಗಿ. ವಿದೇಶಿ ದೇಣಿಗೆ ಕಾಯ್ದೆ 1976ರಲ್ಲಿ ಬಂತು, 2010ರಲ್ಲಿ ಹೊಸದಾಯಿತು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬಂದು ಬೀಳಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಆಡಳಿತ ವೆಚ್ಚದ ಮಿತಿ 50ರಿಂದ ಶೇ. 20ಕ್ಕೆ ಇಳಿಯಿತು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆ ತಂದು ಜಿಲ್ಲೆಯ ಚಿಕ್ಕ ಸಂಸ್ಥೆಗೆ ಹಂಚುವ ಹಳೇ ದಾರಿ ಅಲ್ಲಿಗೆ ಮುಚ್ಚಿತು. ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಲೆಕ್ಕಪರಿಶೋಧಕರನ್ನು ಇಟ್ಟುಕೊಳ್ಳಲು ಶಕ್ತಿಯಿದ್ದವರಿಗೂ ಇಲ್ಲದವರಿಗೂ ಒಂದೇ ಅಳತೆ.

ಮತಾಂತರದ ಅನುಮಾನ ಇವತ್ತಿನದಲ್ಲ. ಬರದ ಅನಾಥರು ಮಿಷನರಿಗಳ ಮನೆಯಲ್ಲಿ ಅವರ ಧರ್ಮದಲ್ಲೇ ಬೆಳೆದರು ಎಂಬುದು ನಿಜ, ಅದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು, 2023ರಲ್ಲಿ ಅದನ್ನು ಹಿಂಪಡೆಯಲು ಸಂಪುಟ ನಿರ್ಧರಿಸಿತು. ಈ ಜಗ್ಗಾಟದಲ್ಲಿ ಆಸ್ಪತ್ರೆಯ ಬಿಲ್ಲು ಒಂದು ರೂಪಾಯಿಯೂ ಇಳಿಯಲಿಲ್ಲ.

2018ರಿಂದ ಇರುವುದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರದ, ಶೇ. 30. ಸರಳ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಆಗದ್ದಕ್ಕೆ ಅವರದೇ ರೆಫರಲ್ ಪತ್ರ ತರಬೇಕು. ತುರ್ತು ಚಿಕಿತ್ಸೆಗೆ ಮಾತ್ರ ಪತ್ರ ಬೇಡ. ಪತ್ರವಿಲ್ಲದೆ ನೇರ ಮಿಷನ್ ಆಸ್ಪತ್ರೆಗೆ ಬಂದವರು ಕೈಯಿಂದ ಕಟ್ಟುತ್ತಾರೆ, ಮನೆಗೆ ಹೋಗಿ ಬೈಯುತ್ತಾರೆ. ಯೋಜನೆಯ ಹಣ ಆಸ್ಪತ್ರೆಗೆ ಬರುವುದು ರೋಗಿ ಮನೆಗೆ ಹೋದ ಮೇಲೆ. ಸಂಬಳ, ಆಕ್ಸಿಜನ್, ಔಷಧಿ ಅಂಗಡಿಯ ಬಾಕಿ ಅಲ್ಲಿಯವರೆಗೆ ಕಾಯುವುದಿಲ್ಲ.

ದರಪಟ್ಟಿಯನ್ನು ಗೋಡೆಗೆ ಹಾಕಬೇಕೆಂದು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ಅದರ ಪಕ್ಕದಲ್ಲಿ ಕಳೆದ ತಿಂಗಳು ಎಷ್ಟು ಬಿಲ್ಲು ಕಡಿತವಾಯಿತು, ಎಷ್ಟು ಜನರಿಗೆ ಎಂಬ ಎರಡು ಸಾಲು ಹಾಕಿದರೆ ಅರ್ಧ ಜಗಳ ಮುಗಿಯುತ್ತದೆ. ಅದಕ್ಕೆ ಯಾವ ಕಾಯ್ದೆಯೂ ಅಡ್ಡಿಯಿಲ್ಲ. ರಿಯಾಯಿತಿ ಬೇಕಾದವರು ದಾಖಲಾದ ದಿನವೇ ಪಡಿತರ ಚೀಟಿ ತೋರಿಸಿ ಕೇಳುವುದು ಮೇಲು. ಡಿಸ್ಚಾರ್ಜ್ ದಿನ ಕ್ಯಾಷ್ ಕೌಂಟರಿನಲ್ಲಿ ಕೇಳಿದರೆ ಅಲ್ಲಿ ಕೂತವರಿಗೆ ಕಡಿತ ಮಾಡುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ.