ಮೈ ಇಳಿದಾಗ ಮೊದಲು ಕೇಳಬೇಕಾದ ಪ್ರಶ್ನೆ

ಊಟ ಕಡಿಮೆ ಮಾಡದೆ, ದುಡಿಮೆ ಹೆಚ್ಚಿಸದೆ, ಆರರಿಂದ ಹನ್ನೆರಡು ತಿಂಗಳೊಳಗೆ ಮೈತೂಕದ ಶೇಕಡಾ 5ಕ್ಕಿಂತ ಹೆಚ್ಚು ಕರಗಿದರೆ, ಅಂದರೆ 60 ಕೆ.ಜಿ. ತೂಗುವವರು 3 ಕೆ.ಜಿ.ಗೂ ಮಿಕ್ಕಿ ಇಳಿದರೆ, ವೈದ್ಯರು ಕಾರಣ ಹುಡುಕಲೇಬೇಕು. ಆದರೆ ನಮ್ಮ ರಾಯಚೂರು, ಕೊಪ್ಪಳ ಸೀಮೆಯಲ್ಲಿ ಕೆಲವರು ದೃಷ್ಟಿ ತಾಗಿದೆಯೆಂದು ತಾಯತ ಕಟ್ಟಿಸುತ್ತಾರೆ. ಓದಿದವರು ಸೀದಾ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ ಇಡೀ ಮೈ ತೋರಿಸಿಕೊಳ್ಳುತ್ತಾರೆ. ನನಗೆ ಇವೆರಡೂ ಒಂದೇ ಬಗೆಯ ಅವಸರವಾಗಿ ಕಾಣುತ್ತವೆ, ಏಕೆಂದರೆ ಕಾಸಿನ ಖರ್ಚಿಲ್ಲದ ಪ್ರಶ್ನೆಯೊಂದನ್ನು ಎರಡೂ ಕಡೆ ಯಾರೂ ಕೇಳಿರುವುದಿಲ್ಲ: ಹಸಿವು ಹೇಗಿದೆ?

ಚೆನ್ನಾಗಿ ಹಸಿವಾಗುತ್ತದೆ, ಉಣ್ಣುತ್ತಾರೆ, ಆದರೂ ಇಳಿಯುತ್ತಿದ್ದಾರೆ ಎಂದಾದರೆ ಮೊದಲ ಅನುಮಾನ ಮಧುಮೇಹದ ಮೇಲೆ. ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟ ಮೇಲೂ ಕೊನೆ ಭಾಗದ ಹೊಲಗಳು ಒಣಗುವುದನ್ನು ಮಾನ್ವಿ, ಸಿರವಾರದ ರೈತರಿಗೆ ಹೇಳಿಕೊಡಬೇಕಿಲ್ಲ. ಇಲ್ಲಿಯೂ ರಕ್ತದ ತುಂಬ ಸಕ್ಕರೆ ಹರಿಯುತ್ತಿರುತ್ತದೆ, ಆದರೆ ಸ್ನಾಯು ಮತ್ತು ಕೊಬ್ಬಿನ ಕೋಶಗಳ ತೂಬು ತೆರೆಯುವ ಇನ್ಸುಲಿನ್ ಸಾಲದೆ ಅದು ಒಳಗೆ ಇಳಿಯುವುದಿಲ್ಲ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮೂತ್ರಪಿಂಡ ಅದನ್ನು ಪೂರ್ತಿ ಹಿಡಿದಿಡಲಾರದೆ ಹೊರಗೆ ಬಿಡುತ್ತದೆ. ಹೀಗೆ ದಿನಕ್ಕೆ 100 ಗ್ರಾಂ ಸಕ್ಕರೆ ಹೋದರೆ ಸುಮಾರು 400 ಕ್ಯಾಲರಿ ಹೋದಂತೆ. ಅದರ ಜೊತೆ ನೀರೂ ಹೋಗುವುದರಿಂದ ಬಾಯಾರಿಕೆ ಹೆಚ್ಚುತ್ತದೆ, ರಾತ್ರಿ ಪದೇ ಪದೇ ಏಳಬೇಕಾಗುತ್ತದೆ, ಮತ್ತು ಕೋಶಗಳು ಉಪವಾಸವಿರುವುದರಿಂದ ದೇಹ ತನ್ನದೇ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿಕೊಳ್ಳುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚುಚ್ಚುಮದ್ದು ಪಡೆದ 14 ವರ್ಷದ ಲೆನಾರ್ಡ್ ಥಾಂಪ್ಸನ್ ಸುಮಾರು 30 ಕೆ.ಜಿ. ಮಾತ್ರ ತೂಗುತ್ತಿದ್ದ. ಅದಕ್ಕೆ ರೋಗದಷ್ಟೇ ಅಂದಿನ ಚಿಕಿತ್ಸೆಯೂ ಕಾರಣವಾಗಿತ್ತು, ಏಕೆಂದರೆ ಆ ಕಾಲದ ವೈದ್ಯರಿಗೆ ಉಪವಾಸ ಕೆಡವುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ.

ಹಸಿವಿನ ಜೊತೆ ಎದೆಬಡಿತ, ಕೈನಡುಕ, ತಡೆಯಲಾಗದ ಸೆಕೆ ಇದ್ದರೆ ಥೈರಾಯ್ಡ್ ನೋಡಬೇಕು. ಜಿಡ್ಡಿನ, ದುರ್ನಾತದ ಭೇದಿ ಇದ್ದರೆ ಕರುಳನ್ನು ನೋಡಬೇಕು.

ಹಸಿವೇ ಸತ್ತಿದ್ದರೆ ದಾರಿ ಬೇರೆ. ಕ್ಷಯ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ, ಖಿನ್ನತೆ, ನುಂಗುತ್ತಿರುವ ಮಾತ್ರೆಗಳು, ವಯಸ್ಸಾದವರಲ್ಲಿ ಕೇವಲ ಉದುರಿದ ಹಲ್ಲು, ಇವೆಲ್ಲ ಇಲ್ಲಿ ಬರುತ್ತವೆ. ಹಟ್ಟಿಯ ಚಿನ್ನದ ಗಣಿ, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಗಳಿರುವ ಈ ಸೀಮೆಯಲ್ಲಿ ರೋಗಿಯ ಕೆಲಸ ಯಾವುದೆಂದು ಕೇಳದಿರುವುದು ದೊಡ್ಡ ತಪ್ಪು: ಕಲ್ಲಿನ ಸಿಲಿಕಾ ದೂಳು ಶ್ವಾಸಕೋಶದ ಕಾವಲು ಕೋಶಗಳನ್ನು ಹಾಳುಗೆಡಹಿ ಕ್ಷಯದ ಅಪಾಯವನ್ನು ಹೆಚ್ಚಿಸುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಇಂಥ ರೋಗಗಳಲ್ಲಿ ಟಾನಿಕ್ಕೊಂದರಿಂದಲೇ ಮೈ ತುಂಬದಿರುವುದಕ್ಕೂ ಕಾರಣವಿದೆ. ದೇಹವನ್ನು ಸೊರಗಿಸುವ ಕ್ಯಾಕೆಕ್ಟಿನ್ ಎಂಬ ಅಣುವೂ ಗೆಡ್ಡೆಯ ಕೋಶಗಳನ್ನು ಕೊಲ್ಲುವ ಟಿಎನ್‌ಎಫ್ ಎಂಬ ಅಣುವೂ ಒಂದೇ ಎಂದು 1985ರಲ್ಲಿ ಬ್ರೂಸ್ ಬಾಯ್ಟ್ಲರ್ ಮತ್ತು ಆಂಥನಿ ಸೆರಾಮಿ ಅವರ ತಂಡ ತೋರಿಸಿತು. ಅಂದರೆ ರೋಗದೊಡನೆ ಹೋರಾಡಲು ದೇಹ ತಾನೇ ಹೊರಡಿಸುವ ಸಂದೇಶವೇ ಹಸಿವನ್ನು ಅಡಗಿಸಿ ಸ್ನಾಯುವನ್ನು ಸವೆಸುತ್ತದೆ.

ರಕ್ತಕಣಗಳ ಎಣಿಕೆ, ಸಕ್ಕರೆ, ಥೈರಾಯ್ಡ್, ಯಕೃತ್ತು, ಮೂತ್ರಪಿಂಡ, ಎಚ್‌ಐವಿ, ಮೂತ್ರ, ಎದೆಯ ಎಕ್ಸ್‌ರೇ ಇಷ್ಟನ್ನು ಮಾಡಿಸಿದ ಮೇಲೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಾರಣ ಸಿಗುವುದಿಲ್ಲ. ಮೈ ಮುಟ್ಟಿ ನೋಡಿದಾಗಲೂ ಏನೂ ಕಾಣದಿದ್ದರೆ ದೊಡ್ಡ ಕಾಯಿಲೆ ಅಡಗಿರುವ ಸಂಭವ ಕಡಿಮೆ. ಆಗ ವೈದ್ಯರು ಮೂರು ತಿಂಗಳು ಬಿಟ್ಟು ಬನ್ನಿ ಎಂದರೆ ಮನೆಯವರು ಸಿಡುಕುತ್ತಾರೆ, ಆದರೆ ಅದು ಕೈಚೆಲ್ಲಿದ ಮಾತಲ್ಲ, ತಪಾಸಣೆಯ ಮುಂದಿನ ಹಂತ. ಆ ಅವಧಿಯಲ್ಲಿ ತಿಂಗಳಿಗೊಮ್ಮೆ ಒಂದೇ ಯಂತ್ರದ ಮೇಲೆ ನಿಂತು ತೂಕವನ್ನು ತಾರೀಖಿನೊಡನೆ ಬರೆದು ತಂದರೆ, ಇಳಿಕೆ ನಿಂತಿದೆಯೋ ಮುಂದುವರಿದಿದೆಯೋ ಎಂಬುದನ್ನು ವೈದ್ಯರು ಆ ಚೀಟಿಯಿಂದಲೇ ತಿಳಿಯಬಲ್ಲರು.