ರಸ್ತೇಲಿ ಯಾರಾದ್ರೂ ಬಿದ್ರೆ ಜನ ನಿಂತು ನೋಡೋದ್ಯಾಕೆ?

ಸಿಲ್ಕ್ ಬೋರ್ಡ್ ಹತ್ರ ಸ್ಕೂಟರ್ ಸ್ಕಿಡ್ ಆಗಿ ಯಾರೋ ಬಿದ್ರು ಅಂದ್ಕೊಳ್ಳಿ, ಎರಡು ನಿಮಿಷಕ್ಕೆ ಜನ ಸೇರ್ತಾರೆ, ಒಬ್ರು ವಿಡಿಯೋ ಮಾಡ್ತಾರೆ, ಇನ್ನೊಬ್ರು "ಯಾರಾದ್ರೂ 108ಕ್ಕೆ ಫೋನ್ ಮಾಡ್ರಪ್ಪಾ" ಅಂತಾರೆ, ಅವ್ರ ಕೈಲೂ ಫೋನ್ ಇರತ್ತೆ! ಸಂಜೆ ಆ ವಿಡಿಯೋ ಗ್ರೂಪಿಂದ ಗ್ರೂಪಿಗೆ ಓಡಾಡೋವಾಗ ಎಲ್ಲರದ್ದೂ ಒಂದೇ ಮಾತು, ಬೆಂಗಳೂರಿನೋರಿಗೆ ಮನುಷ್ಯತ್ವಾನೇ ಇಲ್ಲ ಅಂತ. ಅರವತ್ತು ವರ್ಷದ ಹಿಂದೆ ನ್ಯೂಯಾರ್ಕಿನೋರನ್ನೂ ಹೀಗೇ ಬೈದಿದ್ರು.

1964ರ ಮಾರ್ಚ್ 13ರ ಬೆಳಗಿನ ಜಾವ ಅಲ್ಲಿನ ಕ್ವೀನ್ಸ್‌ನಲ್ಲಿ ಕಿಟ್ಟಿ ಜಿನೋವೀಸ್ ಅನ್ನೋ 28 ವರ್ಷದ ಹೆಣ್ಣುಮಗಳ ಕೊಲೆ ಆಯ್ತು. 38 ಜನ ನೋಡ್ತಾ ಇದ್ರು, ಹಲ್ಲೆ ಆಗೋವಾಗ ಒಬ್ರೂ ಪೊಲೀಸರಿಗೆ ಫೋನ್ ಮಾಡ್ಲಿಲ್ಲ ಅಂತ ಎರಡು ವಾರ ಆದ್ಮೇಲೆ ನ್ಯೂಯಾರ್ಕ್ ಟೈಮ್ಸ್ ಬರೀತು, ಊರಿಗೆ ಊರೇ ತಲೆ ತಗ್ಗಿಸ್ತು.

ಹೃದಯ ಕಲ್ಲಾಗಿದೆ ಅಂತ ಬೈಯೋದು ಸುಲಭ, ಆದ್ರೆ ಜಾನ್ ಡಾರ್ಲಿ, ಬಿಬ್ ಲತಾನೆ ಅನ್ನೋ ಇಬ್ರು ಮನಃಶಾಸ್ತ್ರಜ್ಞರು ಬೇರೆ ಥರ ಯೋಚನೆ ಮಾಡಿದ್ರು: ಜನ ಜಾಸ್ತಿ ಇದ್ದಿದ್ದೇ ತೊಂದ್ರೆ ಆಯ್ತಾ? 1968ರಲ್ಲಿ ಪ್ರಕಟವಾದ ಅವ್ರ ಪ್ರಯೋಗದಲ್ಲಿ ಒಬ್ಬೊಬ್ಬ ಸ್ಟೂಡೆಂಟನ್ನೂ ಒಂದೊಂದು ರೂಮಲ್ಲಿ ಕೂರಿಸಿ, ಬೇರೆ ರೂಮಿನೋರ ಜೊತೆ ಇಂಟರ್‌ಕಾಮಲ್ಲಿ ಮಾತಾಡಿ ಅಂದ್ರು. ಬೇರೆಯೋರ ದನಿ ಎಲ್ಲಾ ಮೊದಲೇ ಟೇಪ್ ಮಾಡಿದ್ದು, ಅದು ಪಾಪ ಇವ್ರಿಗೆ ಗೊತ್ತಿಲ್ಲ. ಮಾತಿನ ಮಧ್ಯೆ ಒಬ್ಬನಿಗೆ ಫಿಟ್ಸ್ ಬರತ್ತೆ, ತೊದಲ್ತಾನೆ, ಸಹಾಯ ಮಾಡಿ ಅಂತಾನೆ, ಆಮೇಲೆ ಸದ್ದೇ ಇಲ್ಲ. ಕೇಳಿಸ್ಕೊಳ್ತಿರೋದು ತಾನೊಬ್ನೇ ಅಂದ್ಕೊಂಡೋರಲ್ಲಿ 85% ಜನ ಅವ್ನ ದನಿ ನಿಲ್ಲೋದ್ರೊಳಗೇ ಎದ್ದು ಹೋಗಿ ಹೇಳಿದ್ರು, ಇನ್ನೂ ನಾಲ್ಕು ಜನ ಕೇಳಿಸ್ಕೊಳ್ತಿದ್ದಾರೆ ಅಂದ್ಕೊಂಡೋರಲ್ಲಿ 31% ಮಾತ್ರ. ಕೂತಲ್ಲೇ ಇದ್ದೋರು ಆರಾಮಾಗೇನೂ ಇರ್ಲಿಲ್ಲ, ಕೈ ನಡುಗ್ತಿತ್ತು, ಅಂಗೈ ಬೆವರ್ತಿತ್ತು, ಅವ್ನು ಹುಷಾರಾಗಿದ್ದಾನಾ ಅಂತ ಕೇಳ್ತಿದ್ರು.

ಜನ ಜಾಸ್ತಿ ಇದ್ದಷ್ಟೂ ಸಹಾಯಕ್ಕೆ ಏಳೋರು ಕಮ್ಮಿ ಅನ್ನೋ ಈ ಮಾತೇ ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿ ಕೂತುಬಿಡ್ತು. ಮರುವರ್ಷವೇ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ನ್ಯೂಯಾರ್ಕ್ ಸಬ್‌ವೇ ಟ್ರೇನಲ್ಲಿ ಊರುಗೋಲು ಹಿಡಿದ ಮನುಷ್ಯ ಬಿದ್ದಂಗೆ ನಾಟಕ ಆಡಿದಾಗ 65 ಸಲದಲ್ಲಿ 62 ಸಲ ಜನ ತಾವಾಗೇ ಎಬ್ಬಿಸಿದ್ರು, ಅದ್ಯಾಕೋ ಅಷ್ಟು ಫೇಮಸ್ ಆಗ್ಲಿಲ್ಲ. ಕಿಟ್ಟಿ ಕಥೇನೂ ಆಮೇಲೆ ಸಡಿಲ ಆಯ್ತು. ತುಂಬಾ ಜನಕ್ಕೆ ಬರೀ ಕೂಗು ಕೇಳಿಸಿತ್ತು, ಕಣ್ಣಾರೆ ನೋಡಿದೋರು ಕೆಲವೇ ಜನ, ನೆರೆಮನೆಯ ಹೆಂಗಸೊಬ್ರು ಓಡಿ ಬಂದು ಕೊನೇಲಿ ಅವಳನ್ನ ತಬ್ಬಿ ಹಿಡ್ಕೊಂಡಿದ್ರು. ತಮ್ಮ ವರದಿ ತಪ್ಪಿತ್ತು ಅಂತ 2016ರಲ್ಲಿ ಟೈಮ್ಸೇ ಬರ್ಕೊಳ್ತು. 2019ರಲ್ಲಂತೂ ಆಮ್‌ಸ್ಟರ್‌ಡ್ಯಾಮ್, ಕೇಪ್‌ಟೌನ್, ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನ 219 ಬೀದಿ ಜಗಳಗಳ ಸಿಸಿಟಿವಿ ನೋಡಿದ ಸಂಶೋಧಕರಿಗೆ ಹತ್ತರಲ್ಲಿ ಒಂಬತ್ತು ಕಡೆ ಯಾರೋ ಒಬ್ರಾದ್ರೂ ಮಧ್ಯೆ ಬಂದಿದ್ದು ಕಾಣಿಸ್ತು, ಜನ ಜಾಸ್ತಿ ಇದ್ದಷ್ಟೂ ಯಾರಾದ್ರೂ ಬರೋ ಚಾನ್ಸೂ ಜಾಸ್ತಿ.

ಹಾಗಾದ್ರೆ ನಮ್ಮೋರು ಹಿಂಜರಿಯೋದ್ಯಾಕೆ? ನಂಗನ್ಸೋದು, ಇಲ್ಲಿ ಗುಂಪಿಗಿಂತ ದೊಡ್ಡ ಅಡ್ಡಿ ಪೊಲೀಸ್ ಸ್ಟೇಷನ್ನು. 2013ರಲ್ಲಿ ರಸ್ತೆ ಸುರಕ್ಷತೆಗೆ ಕೆಲ್ಸ ಮಾಡೋ ಸೇವ್‌ಲೈಫ್ ಫೌಂಡೇಶನ್ ಸರ್ವೇಲಿ 74% ಜನ ಗಾಯಾಳುಗೆ ಸಹಾಯ ಮಾಡೋದು ಡೌಟು ಅಂದ್ರು, ಅವ್ರಲ್ಲಿ 88% ಜನ ಕೊಟ್ಟ ಕಾರಣ ಪೊಲೀಸ್ ವಿಚಾರಣೆ, ಕೋರ್ಟ್ ಅಲೆದಾಟ. "ನಮಗ್ಯಾಕೆ ಊರ ಉಸಾಬರಿ" ಅನ್ನೋದ್ರ ಹಿಂದೆ ಇರೋದು ಕಲ್ಲು ಮನಸ್ಸಲ್ಲ, ಸಮನ್ಸಿನ ಭಯ.

2016ರ ಫೆಬ್ರವರೀಲಿ ತುಮಕೂರು ರೋಡಲ್ಲಿ, ನೆಲಮಂಗಲದ ಹತ್ರ, ಲಾರಿ ಹರಿದ ಯುವಕ ಕಣ್ಣು ದಾನ ಮಾಡಿ ಅಂತ ಹೇಳಿ ಪ್ರಾಣ ಬಿಟ್ಟಿದ್ದು ನೆನಪಿರ್ಬಹುದು, ಅಪಘಾತದ ಮೊದಲ 48 ಗಂಟೆ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಭರಿಸೋ ಹರೀಶ್ ಸಾಂತ್ವನ ಯೋಜನೆ ಆ ವರ್ಷ ಬಂದಿದ್ದು ಅವ್ನ ಹೆಸರಲ್ಲೇ. ಸಹಾಯ ಮಾಡಿದೋರಿಗೆ ರಕ್ಷಣೆ ಕೊಡೋ ಮಾರ್ಗಸೂಚಿಗೆ ಅದೇ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಮುದ್ರೆ ಒತ್ತಿತು, ಕರ್ನಾಟಕ ತನ್ನದೇ ಕಾನೂನೂ ಮಾಡ್ತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಇದೇ ರಕ್ಷಣೆ ಕೊಡೋ 134ಎ ಕಲಂ ಸೇರ್ತು. ಗಾಯಾಳುನ ಆಸ್ಪತ್ರೆಗೆ ಸೇರಿಸಿದ್ರೆ ಹೆಸರು, ಅಡ್ರೆಸ್ ಕೊಡ್ಲೇಬೇಕು ಅಂತಿಲ್ಲ, ಸಾಕ್ಷಿ ಹೇಳು ಅಂತ ಬಲವಂತ ಮಾಡಂಗಿಲ್ಲ, ಅಡ್ವಾನ್ಸ್ ಕಟ್ಟಿ ಅಂತ ನಿಮ್ಮನ್ನ ಕೇಳಂಗೂ ಇಲ್ಲ. ಕ್ಯಾಶುವಾಲಿಟಿ ಕೌಂಟರಲ್ಲಿ "ನೀವು ಪೇಷಂಟಿಗೆ ಏನಾಗ್ಬೇಕು?" ಅಂತ ಕೇಳಿದ್ರೆ "ಏನೂ ಆಗ್ಬೇಕಿಲ್ಲ, ರಸ್ತೇಲಿ ಬಿದ್ದಿದ್ರು, ಕರ್ಕೊಂಡು ಬಂದೆ" ಅಂತ ಹೇಳಿ ಹೊರಟು ಬರ್ಬಹುದು.